ಧಣಿಯ ಧರ್ಮ ಮತ್ತು ಕೂಲಿಯ ಹಕ್ಕು

ಇಂದೂರಿನ ಡಾಕ್ಟರ್ ಭಕ್ತಿ ಯಾದವ್ 2017ನೇ ಆಗಸ್ಟ್ 14ರಂದು ತೀರಿಕೊಂಡರು. ಅದೇ ವರ್ಷ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತ್ತು. ತೊಂಬತ್ತು ದಾಟಿ ಮೂಳೆ ಸವೆದಿದ್ದ ಆ ತಾಯಿಗೆ ದೆಹಲಿಯವರೆಗೆ ಹೋಗುವ ತ್ರಾಣವಿರಲಿಲ್ಲ. ಪ್ರಶಸ್ತಿಯೇ ಮನೆಗೆ ಬಂತು. ಅವರ ಸೇವೆಗೆ ನಾವೂ ಕೈ ಮುಗಿಯುತ್ತೇವೆ. ಆದರೆ ಗಿರಣಿಯಲ್ಲಿ ದುಡಿಯುವವರು ಕೈ ಮುಗಿದು ಸುಮ್ಮನಾಗಬಾರದು. ಆ ಬಾಳಿನಲ್ಲಿ ನಮಗೊಂದು ಪಾಠವಿದೆ.

ಉಜ್ಜಯಿನಿ ಬಳಿಯ ಮಹೀದ್‌ಪುರದಲ್ಲಿ 1926ರಲ್ಲಿ ಅವರ ಜನನ. ಹೆಣ್ಣುಮಕ್ಕಳ ಓದು ಅಪರೂಪವಾಗಿದ್ದ ಕಾಲದಲ್ಲಿ ಊರು ಬಿಟ್ಟು, ಹಾಸ್ಟೆಲಿನಲ್ಲಿದ್ದು ಓದಿದರು. ಇಂದೂರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನ 1948ರ ಮೊದಲ ತಂಡದಲ್ಲಿ 40 ಮಂದಿ. 39 ಹುಡುಗರ ನಡುವೆ ಇವರೊಬ್ಬರೇ ಹುಡುಗಿ. 1952ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಪ್ರಸೂತಿ ವೈದ್ಯೆಯಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಆಮೇಲೆ ಆ ಕೆಲಸ ಬಿಟ್ಟು, ಭಂಡಾರಿ ಮಿಲ್ಲಿನವರು ತೆರೆದಿದ್ದ ನಂದಲಾಲ್ ಭಂಡಾರಿ ಹೆರಿಗೆ ಆಸ್ಪತ್ರೆ ಸೇರಿದರು. ಗಿರಣಿ ಕೂಲಿಗಳ ಹೆಂಡಿರು ಮಕ್ಕಳೇ ಅವರ ರೋಗಿಗಳು.

1978ರಲ್ಲಿ ಆ ಆಸ್ಪತ್ರೆ ಮುಚ್ಚಿತು. ವೈದ್ಯೆ ಮಾತ್ರ ಬಾಗಿಲು ಹಾಕಲಿಲ್ಲ. ತಮ್ಮ ಮನೆಯಲ್ಲೇ 'ವಾತ್ಸಲ್ಯ' ಎಂಬ ಹೆರಿಗೆ ಮನೆ ತೆರೆದು, ಬಡವರಿಂದ ಕಾಸು ಕೇಳದೆ ಮುಪ್ಪಿನವರೆಗೂ ರೋಗಿಗಳನ್ನು ನೋಡಿದರು. ಸಾವಿರಾರು ಮಕ್ಕಳು ಅವರ ಕೈಯಲ್ಲಿ ಈ ಲೋಕ ಕಂಡವು. ಮರುವರ್ಷವೇ ಪದ್ಮಶ್ರೀ ಪಡೆದ ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರೂ ಇಂಥದೇ ಜೀವ.

ಈಗ ನಾವು ಕೇಳುವುದು ಇಷ್ಟೆ. 1978ರಲ್ಲಿ ಭಕ್ತಿಯವರು ಬೇರೆ ಊರಿಗೆ ಹೋಗಿ ಹಣ ಮಾಡಬೇಕೆಂದು ನಿಶ್ಚಯಿಸಿದ್ದರೆ ಆ ಬಸುರಿಯರ ಗತಿ ಏನಾಗುತ್ತಿತ್ತು? ಧಣಿ ಕಟ್ಟಿಸಿದ ಆಸ್ಪತ್ರೆ ಧಣಿಯ ಇಚ್ಛೆಯಿಂದ ತೆರೆಯುತ್ತದೆ, ಅವನ ಇಚ್ಛೆಯಿಂದಲೇ ಮುಚ್ಚುತ್ತದೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ಗಾದೆಯೇ ಇದೆಯಲ್ಲ. ದಾನದ ಆಸ್ಪತ್ರೆಗೆ ಏಕೆ ಬೀಗ ಹಾಕಿದಿರಿ ಎಂದು ಯಾವ ಬಾಯಿಂದ ಕೇಳುವುದು? ಗಿರಣಿಗಳ ಕಥೆಯೂ ಅಷ್ಟೆ. ಅದೇ ಇಂದೂರಿನ ಹುಕುಂಚಂದ್ ಮಿಲ್ 1991ರಲ್ಲಿ ನಿಂತಿತು. ಕಾರ್ಮಿಕರ ಬಾಕಿ 224 ಕೋಟಿ ರೂಪಾಯಿ ಬಿಡುಗಡೆಯಾದದ್ದು 2023ರ ಡಿಸೆಂಬರಿನಲ್ಲಿ. ದಾವಣಗೆರೆ, ಹುಬ್ಬಳ್ಳಿಯ ಗಿರಣಿಗಳ ಸಿಳ್ಳು ನಿಂತುಹೋದದ್ದನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯಲ್ಲೇ ಇನ್ನೊಂದು ದಾರಿಯೂ ಕಾಣುತ್ತದೆ. ಭಕ್ತಿಯವರ ಪತಿ ಡಾಕ್ಟರ್ ಚಂದ್ರಸಿಂಗ್ ಯಾದವ್ ಅವರು ದೊಡ್ಡ ಆಸ್ಪತ್ರೆಗಳ ಕರೆಯನ್ನು ಬಿಟ್ಟು ಗಿರಣಿ ಬಡಾವಣೆಯ ವಿಮಾ ಆಸ್ಪತ್ರೆ ಸೇರಿ, 'ಮಜ್ದೂರ್ ಡಾಕ್ಟರ್' ಎನಿಸಿಕೊಂಡರು. ವಿಮಾ ಆಸ್ಪತ್ರೆ ಯಾರ ಧರ್ಮವೂ ಅಲ್ಲ. 1948ರ ಕಾನೂನಿನಿಂದ ಬಂದದ್ದು ಅದು. 2019ರ ಜುಲೈಯಲ್ಲಿ ಗೊತ್ತು ಮಾಡಿದ ದರದಂತೆ ನೂರು ರೂಪಾಯಿ ಸಂಬಳಕ್ಕೆ ಕಾರ್ಮಿಕ 75 ಪೈಸೆ, ಮಾಲೀಕ 3 ರೂಪಾಯಿ 25 ಪೈಸೆ ಕಟ್ಟಬೇಕು. ಅಲ್ಲಿ ಔಷಧಿ ಇಲ್ಲದಿದ್ದರೆ, ಡಾಕ್ಟರು ಬಾರದಿದ್ದರೆ ನಾವು ಎದ್ದು ನಿಂತು ಕೇಳಬಹುದು. ಹಣ ನಮ್ಮದು.

ಹೆರಿಗೆಯ ರಜೆಯೂ ಹೀಗೆಯೇ ಹಕ್ಕಾಯಿತು. ಗಿರಣಿ ಹೆಂಗಸರ ಹೆರಿಗೆ ಮಸೂದೆ 1928ರಲ್ಲಿ ಮುಂಬಯಿ ಶಾಸನಸಭೆಗೆ ಬಂದಾಗ, ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೆಂದು ಅಂಬೇಡ್ಕರರು ವಾದಿಸಿದರು. 1929ರಲ್ಲಿ ಅದು ಕಾಯ್ದೆಯಾಯಿತು. 1961ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬಂತು. 2017ರಲ್ಲಿ ಮೊದಲ ಎರಡು ಹೆರಿಗೆಗೆ 12 ವಾರವಿದ್ದ ಸಂಬಳಸಹಿತ ರಜೆ 26 ವಾರಕ್ಕೆ ಏರಿತು.

ಆದರೆ ಹತ್ತು ಜನರಿಗಿಂತ ಕಡಿಮೆ ಆಳುಗಳಿರುವ ಅಂಗಡಿಯ ಹುಡುಗಿಗೆ ಈ ರಜೆಯ ಹಕ್ಕಿಲ್ಲ. ಗಂಡನೊಡನೆ ತಕ್ಕಡಿ ಹಿಡಿಯುವ ಸಣ್ಣ ವ್ಯಾಪಾರಿಯ ಹೆಂಡತಿಗೂ ಇಲ್ಲ. ಅವಳು ಕೂಲಿಯೂ ಅಲ್ಲ, ಧಣಿಯೂ ಅಲ್ಲ. 2017ರ ಮಾತೃವಂದನಾ ಯೋಜನೆ ಮೊದಲ ಹೆರಿಗೆಗೆ ಷರತ್ತು ಹಾಕಿ 5,000 ರೂಪಾಯಿ ಕೊಡುತ್ತದೆ. ಬಾಣಂತಿಯ ಎಷ್ಟು ದಿನದ ಗಂಜಿಗೆ ಅದು ಸಾಕಾದೀತು?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಕಾರ್ಖಾನೆಯಾಗಲಿ, ಅಂಗಡಿಯಾಗಲಿ, ಸಂತೆಯಾಗಲಿ, ದುಡಿಯುವ ಪ್ರತಿ ಹೆಣ್ಣಿಗೂ ಹೆರಿಗೆಯ ಕಾಲದ ಕೂಲಿ ಕಾನೂನಿನಿಂದಲೇ ಸಿಗಬೇಕು. ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಡಾಕ್ಟರು ಇರಬೇಕು. ಸಂಘದ ಮುಂದಿನ ಸಭೆಯಲ್ಲಿ ಗಿರಣಿಯವರೂ ಅಂಗಡಿಯವರೂ ಒಟ್ಟಿಗೆ ಕುಳಿತು ಈ ಮಾತು ಎತ್ತಲಿ. ಭಕ್ತಿ ಯಾದವರಂಥವರು ಹುಟ್ಟಿದಾಗ ಊರಿನ ಪುಣ್ಯವೆನ್ನೋಣ. ಹುಟ್ಟದ ಊರಿನಲ್ಲೂ ಬಡವಿ ಸುಖವಾಗಿ ಹೆತ್ತು ಮನೆಗೆ ಮರಳಬೇಕು.