ಕಣ್ಣಿನ ಗಾಯ ನಾಳೆಗೆ ಕಾಯದು

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕೆಂದು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉದುರಿದ ಕಾಯಿಯನ್ನು ಯಾವ ಮದ್ದೂ ಮತ್ತೆ ಗೊನೆಗೇರಿಸದು. ಗೊನೆಗೆ ತೋರುವ ಈ ಎಚ್ಚರವನ್ನು ಕೆಲಸಗಾರರ ಕಣ್ಣಿಗೆ ನಾವು ತೋರುತ್ತಿದ್ದೇವೆಯೇ?

ಕಾಫಿ ಕೊಯ್ಯುವಾಗ ರೆಂಬೆ ಬಡಿಯುವುದು, ಅಡಿಕೆ ಸುಲಿಯುವಾಗ ಸಿಪ್ಪೆ ಸಿಡಿಯುವುದು ಹೊಸದಲ್ಲ. ಕರಿಗುಡ್ಡೆಯ ಮೇಲಿನ ಸಣ್ಣ ಗೀರಿನಲ್ಲಿ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೇರಿದರೆ ಹುಣ್ಣಾಗುತ್ತದೆ. ಮಾಯ್ದರೂ ಹೂವು ಉಳಿದು ದೃಷ್ಟಿ ಕೆಡಬಹುದು.

ನೇಪಾಳದ ಭಕ್ತಪುರದಲ್ಲಿ 1991ರಿಂದ 1993ರವರೆಗೆ ಇಂಥ ಗೀರು ಬಿದ್ದ 442 ಮಂದಿಗೆ ಶೇ. 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚಲಾಯಿತು. 18 ಗಂಟೆಯೊಳಗೆ ಚಿಕಿತ್ಸೆ ಪಡೆದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದ 49 ಮಂದಿಯಲ್ಲಿ 14 ಮಂದಿಗೆ ಆಯಿತು. ನೇಪಾಳದಲ್ಲೇ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಮುಲಾಮು ಹಂಚಿದ ಊರುಗಳಲ್ಲಿ ಹುಣ್ಣು ಕಡಿಮೆಯಾಗಲಿಲ್ಲ. ಆದ್ದರಿಂದ ಮನೆಯಲ್ಲಿ ಮುಲಾಮಿದೆಯೆಂದು ನಿಶ್ಚಿಂತರಾಗಿರುವಂತಿಲ್ಲ. ಬೇಗ ವೈದ್ಯರಿಗೆ ತೋರಿಸುವುದೇ ಮುಖ್ಯ.

ನಮ್ಮಲ್ಲಿ ಮೊದಲು ಎಲೆಯ ರಸ, ಎದೆಹಾಲು. ಬಳಿಕ ಚೀಟಿಯಿಲ್ಲದೆ ಪೇಟೆಯಿಂದ ತಂದ ಹನಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ಸಮಾಧಾನವಾಗುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ. ಅದಕ್ಕೆ ಬೇಕಾದುದು ನಾಟಮೈಸಿನ್‌ನಂಥ ಬೇರೆಯೇ ಔಷಧ. ಬೆಳಿಗ್ಗೆ ರೆಪ್ಪೆ ಅಂಟಿಸುವ ಸಾಮಾನ್ಯ ಕಣ್ಣುಬೇನೆ ಹೆಚ್ಚಾಗಿ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಆ್ಯಂಟಿಬಯೋಟಿಕ್ ಹನಿ ಅದನ್ನು ಬೇಗ ಇಳಿಸುತ್ತದೆ. ಆದರೆ ಗಾಯ, ತೀವ್ರ ನೋವು, ಮಂಜು, ಬೆಳಕು ನೋಡಲಾಗದಿರುವುದು ಇದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಚರ್ಮದಡಿಯ ಗಂಟಿನಲ್ಲೂ ಇದೇ ತಪ್ಪು. ಹಿಸುಕುವುದು, ಸುಣ್ಣ ಹಚ್ಚುವುದು, ಮಾತ್ರೆ ನುಂಗುವುದು. ಗಂಟಿನೊಳಗೆ ಒಂದು ಚೀಲವಿರುತ್ತದೆ. ಅದು ಉಳಿದರೆ ಗಂಟು ಮರಳಿ ಬರಬಹುದು. ಕೀವಾಗಿದ್ದರೆ ವೈದ್ಯರು ಮೊದಲು ಅದನ್ನು ಹೊರಬಿಟ್ಟು, ಉರಿ ಇಳಿದ ಮೇಲೆ ಆ ಭಾಗವನ್ನು ಮರಗಟ್ಟಿಸಿ ಚೀಲವನ್ನೇ ತೆಗೆಯುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಕೆಲವು ದಿನ ಕಾಯಬಹುದು. ಕಣ್ಣಿನ ಗಾಯಕ್ಕೆ ಕಾಯುವಂತಿಲ್ಲ.

ಆದರೂ ಕೆಲಸಗಾರರು ಕಾಯುವುದೇಕೆ? ದಿನದ ಕೂಲಿ ತಪ್ಪುತ್ತದೆಂಬ ಭಯದಿಂದ. ಅವರನ್ನು ಅಜ್ಞಾನಿಗಳೆಂದು ದೂರುವ ಮೊದಲು ನಾವು ನಮ್ಮ ಲೆಕ್ಕದ ಪುಸ್ತಕ ನೋಡಿಕೊಳ್ಳುವುದು ಮೇಲು. ಕಣ್ಣಿಗೆ ಪೆಟ್ಟಾದವರಿಗೆ ಆ ದಿನದ ಕೂಲಿ ಕೊಟ್ಟು, ತೋಟದ ಜೀಪಿನಲ್ಲೇ ಆಸ್ಪತ್ರೆಗೆ ಕಳುಹಿಸುವುದು ಯಜಮಾನರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಸಂಘದ ಮಳಿಗೆಯಲ್ಲಿ ಸಿಂಪರಣೆ ಯಂತ್ರದ ಜೊತೆಗೆ ರಕ್ಷಣಾ ಕನ್ನಡಕವನ್ನೂ ಇಡಬೇಕು. ಈ ಎರಡನ್ನೂ ಮುಂದಿನ ಮಹಾಸಭೆಯಲ್ಲಿ ಸದಸ್ಯರು ನಿರ್ಣಯವಾಗಿ ತರಲಿ.