ಹಡಗು ಹೊರಡುವ ಮುನ್ನ

ಹೊಸಕೆರೆಹಳ್ಳಿಯಿಂದ ಬನಶಂಕರಿ, ಬಸವನಗುಡಿಗಳ ಕಡೆಗೆ ದಿನವೂ ಓಡಾಡುವ ವಿದ್ಯಾರ್ಥಿಗಳಿಗೆ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಹೊಸದೇನಲ್ಲ. ಬಸವನಗುಡಿಗೂ ಜಯನಗರಕ್ಕೂ ನಡುವಿನ ಆ ಜಾಗದಲ್ಲಿ ಈಗ ಹಿಪ್ಪುನೇರಳೆ ತೋಟವಿಲ್ಲ, ರೇಷ್ಮೆ ಹುಳುವೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಅದರ ಬೇರು ಇರುವುದು ದೂರದ ಜಪಾನಿನಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿನ ಬಂದರುಗಳಲ್ಲಿ ಓಡಾಡಿದವರ ಕುತೂಹಲದಲ್ಲಿ.

ಜಪಾನಿನ ನಾಗಸಾಕಿಗೆ ಇಂದೂ ಪ್ರವಾಸಿ ಹಡಗುಗಳು ಬರುತ್ತವೆ. ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆ ಹೊರಟುಬಿಡುತ್ತವೆ. ಹೇಳಿದ ಹೊತ್ತಿಗೆ ಮರಳದವರಿಗಾಗಿ ಹಡಗು ಕಾಯುವುದಿಲ್ಲ. ದಡಕ್ಕಿಳಿದವರಿಗೆ 1863ರಲ್ಲಿ ಕಟ್ಟಿದ ಗ್ಲೋವರ್ ಮನೆ ನಡೆದೇ ಹೋಗುವಷ್ಟು ಹತ್ತಿರ. ಟ್ರಾಮ್ ಹತ್ತಿದರೆ ಶಾಂತಿ ಉದ್ಯಾನದ ಕಡೆಗೂ ಹೋಗಬಹುದು. 1945ರ ಆಗಸ್ಟ್ 9ರಂದು, ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ, ಅಣುಬಾಂಬು ಸಿಡಿದದ್ದು ಆ ಭಾಗದಲ್ಲಿಯೇ. ಇಷ್ಟನ್ನು ನೋಡಿ, ನಾಲ್ಕು ಫೋಟೋ ತೆಗೆದುಕೊಂಡು, ಒಂದಷ್ಟು ಸಾಮಾನು ಕೊಂಡು ಹಿಂದಿರುಗುವಷ್ಟರಲ್ಲಿ ದಿನ ಮುಗಿದಿರುತ್ತದೆ. ಅಷ್ಟು ಹೊತ್ತಿನಲ್ಲಿ ಒಂದು ದೇಶವನ್ನು ಅರಿಯಲು ಸಾಧ್ಯವೇ ಎಂದು ಯಾರಾದರೂ ಕೇಳಬಹುದು.

1893ರಲ್ಲಿ ಇದೇ ನಾಗಸಾಕಿಯಲ್ಲಿ ಇಳಿದ ಒಬ್ಬ ಯುವ ಸಂನ್ಯಾಸಿಗೆ ಸಿಕ್ಕಿದ್ದೂ ಕೆಲವೇ ಗಂಟೆ. ಅವರು ಅಮೆರಿಕೆಗೆ ಹೊರಟಿದ್ದ ಸ್ವಾಮಿ ವಿವೇಕಾನಂದರು. ಗಾಡಿಯಲ್ಲಿ ಕುಳಿತು ಊರು ಸುತ್ತಿದ ಅವರಿಗೆ ಮೊದಲು ಕಂಡದ್ದು ಅಲ್ಲಿನ ಸ್ವಚ್ಛತೆ. ಆದರೆ ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ. ಹಡಗು ಕೋಬೆ ಬಂದರಿಗೆ ಬಂದಾಗ ಅದನ್ನು ಬಿಟ್ಟು, ಒಳನಾಡನ್ನು ನೋಡಬೇಕೆಂದು ನೆಲದ ದಾರಿ ಹಿಡಿದರು. ಒಸಾಕಾ, ಕ್ಯೋಟೋ, ಟೋಕಿಯೋಗಳನ್ನು ಕಂಡು ಯೊಕೊಹಾಮಾ ಸೇರಿದರು.

ಅಲ್ಲಿಂದ ಜುಲೈ 10ರಂದು ಅವರು ಮದರಾಸಿನ ಶಿಷ್ಯರಿಗೆ ಪತ್ರ ಬರೆದರು. ಆ ಶಿಷ್ಯರಲ್ಲಿ ಪ್ರಮುಖರಾದ ಅಳಸಿಂಗ ಪೆರುಮಾಳ್ ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಪತ್ರದಲ್ಲಿ ದೇವಾಲಯಗಳ ವಿಷಯವಿದೆ, ಜೊತೆಗೆ ಬೆಂಕಿಕಡ್ಡಿ ಕಾರ್ಖಾನೆಗಳ ವಿಷಯವೂ ಇದೆ! ತಮಗೆ ಬೇಕಾದುದನ್ನೆಲ್ಲ ತಮ್ಮ ದೇಶದಲ್ಲಿಯೇ ಮಾಡಿಕೊಳ್ಳಬೇಕೆಂಬ ಜಪಾನೀಯರ ಹಟ ಅವರ ಮನಸ್ಸನ್ನು ತಟ್ಟಿತ್ತು. ನಮ್ಮ ತರುಣರು ವರ್ಷವರ್ಷವೂ ಹೋಗಿ ಇದನ್ನು ನೋಡಿ ಬರಬೇಕು ಎಂಬ ಆಸೆಯನ್ನೂ ಅವರು ತೋಡಿಕೊಂಡರು.

ಜುಲೈ 14ರಂದು ಯೊಕೊಹಾಮಾದಿಂದ ಹೊರಟ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗಿನಲ್ಲಿ ಅವರಿಗೆ ಜೊತೆಯಾದವರು ಜಮ್‌ಷೆಡ್‌ಜಿ ಟಾಟಾ. ಟಾಟಾ ಅವರಿಗೂ ಜಪಾನ್ ಬರೀ ನೋಡಿ ಬರುವ ದೇಶವಾಗಿರಲಿಲ್ಲ. ಹತ್ತಿ ಸಾಗಿಸಲು ಜಪಾನೀ ಹಡಗು ಕಂಪನಿಯೊಂದಿಗೆ ಅವರು ಮಾಡಿಕೊಂಡ ಏರ್ಪಾಟಿನಿಂದಾಗಿ ಅದೇ ವರ್ಷದ ನವೆಂಬರ್‌ನಲ್ಲಿ ಕೋಬೆಯಿಂದ ಮುಂಬಯಿಗೆ ಹಡಗು ಹೊರಟಿತು. ಜಪಾನಿನ ರೇಷ್ಮೆ ಕೃಷಿಯೂ ಅವರ ಕಣ್ಣಿಗೆ ಬಿದ್ದಿತ್ತು. ಟಿಪ್ಪುವಿನ ಕಾಲದಿಂದ ರೇಷ್ಮೆ ಬೆಳೆಯುತ್ತಿದ್ದ ಮೈಸೂರು ಸೀಮೆಯ ಹವೆಗೆ ಅದು ಒಗ್ಗೀತೆಂದು ಅವರು ಎಣಿಸಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಜಪಾನೀ ತಜ್ಞರು ಬೆಂಗಳೂರಿಗೆ ಬಂದರು, ರೇಷ್ಮೆ ಫಾರಂ ಆರಂಭವಾಯಿತು. ಹುಳು ಸಾಕುವ, ನೂಲು ತೆಗೆಯುವ ಹೊಸ ಕ್ರಮವನ್ನು ಇಲ್ಲಿಯವರಿಗೆ ಕಲಿಸುವುದು ಅದರ ಉದ್ದೇಶ.

ಹಡಗಿನ ಆ ಪರಿಚಯವನ್ನೂ ಟಾಟಾ ಮರೆಯಲಿಲ್ಲ. 1898ರ ನವೆಂಬರ್ 23ರಂದು ಸ್ವಾಮೀಜಿಗೆ ಬರೆದ ಪತ್ರದಲ್ಲಿ ಜಪಾನಿನಿಂದ ಕೂಡಿ ಮಾಡಿದ ಪ್ರಯಾಣವನ್ನು ನೆನೆದು, ತಾವು ಯೋಚಿಸಿದ್ದ ಸಂಶೋಧನಾ ಸಂಸ್ಥೆಯ ಕೆಲಸಕ್ಕೆ ಅವರ ನೆರವು ಬಯಸಿದರು. ಆ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಅದನ್ನು ನೋಡಲು ಟಾಟಾ ಇರಲಿಲ್ಲ. ಅವರು 1904ರಲ್ಲಿಯೇ ತೀರಿಕೊಂಡಿದ್ದರು.

ಇಬ್ಬರೂ ಜಪಾನಿನಲ್ಲಿ ಕಂಡ ಬೀದಿ, ಬಂದರು, ಕಾರ್ಖಾನೆಗಳನ್ನು ಆ ಕಾಲದಲ್ಲಿ ಬೇರೆ ಸಾವಿರಾರು ಪ್ರಯಾಣಿಕರೂ ಕಂಡಿದ್ದರು. ‘ಇವರು ಇದನ್ನು ಹೇಗೆ ಮಾಡಿದರು? ನಮ್ಮಲ್ಲಿ ಏಕಾಗಬಾರದು?’ ಎಂದು ಕೇಳಿಕೊಂಡವರು ಮಾತ್ರ ಕಡಿಮೆ.

ಜಪಾನಿಗೆ ಹೋಗುವ ಭಾಗ್ಯ ಎಲ್ಲ ಮಕ್ಕಳಿಗೂ ಇಲ್ಲ. ಆದರೆ ಶಾಲೆಯ ಒಂದು ದಿನದ ಪ್ರವಾಸವಂತೂ ಇದ್ದೇ ಇರುತ್ತದೆ. ಅಲ್ಲಿಯೂ ಬಸ್ಸು ಹೊರಡುವ ಮುನ್ನ ಸಿಗುವುದು ಕೆಲವೇ ಗಂಟೆ. ಹೊರಡುವ ಹಿಂದಿನ ರಾತ್ರಿ ವಿದ್ಯಾರ್ಥಿಯು ಒಂದೇ ಒಂದು ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಅಲ್ಲಿ ಅದಕ್ಕೆ ಉತ್ತರ ಹುಡುಕಿದರೆ ಸಾಕು. ಮರಳಿ ಬಂದ ಮಗುವನ್ನು ತಂದೆತಾಯಿಯರು ಕೇಳಬೇಕಾದದ್ದು ‘ಎಷ್ಟು ಖರ್ಚು ಮಾಡಿದೆ?’ ಎಂದಲ್ಲ, ‘ಏನು ನೋಡಿದೆ? ಅದು ಹೇಗೆ ನಡೆಯುತ್ತದೆ?’ ಎಂದು. ಉತ್ತರ ತಪ್ಪಾದರೂ ಚಿಂತೆಯಿಲ್ಲ, ಮಾತು ಮುಂದುವರಿದರೆ ಸರಿ. ಮುಂದಿನ ಸಲ ಟಾಟಾ ಸಿಲ್ಕ್ ಫಾರಂ ದಾಟುವಾಗ ಆ ಮಾತನ್ನು ಆ ಹೆಸರಿನಿಂದಲೇ ಶುರುಮಾಡಬಹುದು.