ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಹೇಳಿ

ಬೆಂಗಳೂರಿನಿಂದ ಬ್ರೆಜಿಲ್‌ನ ಸಾವೊ ಪಾಲೊಗೆ ಹೋಗುವವರು ನಡುವೆ ಎಲ್ಲಾದರೂ ಇಳಿದು ಹತ್ತಲೇಬೇಕು. ದುಬೈ, ದೋಹಾಗಳಲ್ಲಿ ನಿಲ್ದಾಣದಿಂದ ಹೊರಬೀಳದೆ ವಿಮಾನ ಬದಲಿಸಿದರೆ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಡ. ಲಂಡನ್ನಿನಲ್ಲಿ ಹಾಗಲ್ಲ. ವಲಸೆ ತಪಾಸಣೆ ದಾಟದೆ ಎರಡು ಗಂಟೆ ಕೂತೆದ್ದರೂ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾಗಳಂಥ ಕೆಲವು ದೇಶಗಳ ವೀಸಾ ಇದ್ದವರಿಗಷ್ಟೇ ವಿನಾಯಿತಿ. ನ್ಯೂಯಾರ್ಕ್ ದಾರಿ ಇನ್ನೂ ಕಷ್ಟ. ವೀಸಾ ಇಲ್ಲದೆ ಹಾದುಹೋಗುವ ಸವಲತ್ತನ್ನು ಅಮೆರಿಕ 2003ರ ಆಗಸ್ಟಿನಲ್ಲೇ ನಿಲ್ಲಿಸಿತು. ಅಲ್ಲಿ ಬರೀ ಹಾದುಹೋಗಲು ಬೇಕಾದ ಸಿ-1 ವೀಸಾದ ಅರ್ಜಿ ಶುಲ್ಕವೇ 185 ಡಾಲರ್.

ಟಿಕೆಟ್ ಹುಡುಕುವಾಗ ಈ ದಾರಿಗಳೆಲ್ಲ ದರದ ಪ್ರಕಾರ ಒಂದರ ಕೆಳಗೊಂದು ಬರುತ್ತವೆ. ಅಗ್ಗದ್ದು ಮೇಲೆ. ವೀಸಾದ ಮಾತು ಇದ್ದರೂ ಯಾರೂ ಓದದ ಷರತ್ತುಗಳ ಬುಡದಲ್ಲಿ. ಅಲ್ಲಿ ಬರೆದಿರುವುದು ಒಂದೇ: ದಾಖಲೆಗಳ ಹೊಣೆ ಪ್ರಯಾಣಿಕನದು.

ಈ ವಾದವನ್ನು ನಾನು ಒಪ್ಪುವುದಿಲ್ಲ. ಯಾವ ಪಾಸ್‌ಪೋರ್ಟಿಗೆ ಎಲ್ಲಿ ಯಾವ ವೀಸಾ ಬೇಕು ಎಂಬುದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾದ ಟಿಮ್ಯಾಟಿಕ್ ಎಂಬ ವ್ಯವಸ್ಥೆಯಲ್ಲಿದೆ. ಚೆಕ್-ಇನ್ ಕೌಂಟರಿನವರು ಅದನ್ನು ನೋಡಿಯೇ ನಮ್ಮನ್ನು ತಡೆಯುವುದು. ಹೊರಡುವ ಮೂರು ಗಂಟೆ ಮೊದಲು ಕೈಗೆಟಕುವ ಈ ಮಾಹಿತಿ, ಮೂರು ತಿಂಗಳ ಹಿಂದೆ ಟಿಕೆಟ್ ಮಾರುವಾಗ ಏಕೆ ಎಟಕಲಿಲ್ಲ? ದಾಖಲೆಯಿಲ್ಲದವರನ್ನು ಕರೆತಂದರೆ ವಿಮಾನ ಸಂಸ್ಥೆಗೇ ದಂಡ. ಯುರೋಪಿಯನ್ ಒಕ್ಕೂಟದ 2001ರ ನಿರ್ದೇಶನದಂತೆ, ಕನಿಷ್ಠ ದಂಡ ಗೊತ್ತುಮಾಡುವ ದೇಶ ಅದನ್ನು ತಲೆಗೆ 3000 ಯೂರೊಗಿಂತ ಕೆಳಗಿಡುವಂತಿಲ್ಲ. ಕೌಂಟರಿನಲ್ಲಿ ಕಾಣುವ ಎಚ್ಚರ ತಮ್ಮ ದಂಡ ಉಳಿಸಿಕೊಳ್ಳಲಿಕ್ಕೆ. ನಮ್ಮ ದುಡ್ಡು ಹೋದರೆ ಕೇಳುವವರಿಲ್ಲ.

2026ರ ಜನವರಿಯಲ್ಲಿ ಜರ್ಮನಿಯ ಚಾನ್ಸಲರ್ ಫ್ರೀಡ್ರಿಖ್ ಮೆರ್ತ್ಸ್ ಭಾರತಕ್ಕೆ ಬಂದಾಗ, ಭಾರತೀಯರಿಗಿದ್ದ ಟ್ರಾನ್ಸಿಟ್ ವೀಸಾ ನಿಬಂಧನೆಯನ್ನು ಜರ್ಮನಿ ಕೈಬಿಡುವ ಘೋಷಣೆ ಹೊರಬಿತ್ತು. ಒಂದು ಭೇಟಿಯಲ್ಲಿ ಬಿಡಬಹುದಾದದ್ದನ್ನು ಇಷ್ಟು ವರ್ಷ ಭದ್ರತೆಯ ಹೆಸರಿನಲ್ಲಿ ಹೇರಿದ್ದು ಅನ್ಯಾಯವೇ. ಆದರೆ ಗೊಂದಲ ಇದರಿಂದ ಮುಗಿಯುವುದಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಲಿಸ್ಬನ್ ಮೂಲಕ ಸಾವೊ ಪಾಲೊಗೆ ಹೋಗುವ ಟಿಕೆಟ್ ಕೊಂಡವರಿಗೆ ಈ ರಿಯಾಯಿತಿ ಉಪಯೋಗಕ್ಕಿಲ್ಲ. ಆ ಎರಡು ಊರುಗಳ ನಡುವಿನ ಹಾರಾಟ, ಒಳಗಡಿಗಳಲ್ಲಿ ವಲಸೆ ತಪಾಸಣೆಯಿಲ್ಲದ ಯುರೋಪಿನ ಷೆಂಗೆನ್ ವಲಯದ ಒಳಗಿನದು. ಫ್ರಾಂಕ್‌ಫರ್ಟ್‌ನಲ್ಲೇ ವಲಸೆ ತಪಾಸಣೆ ದಾಟಬೇಕು, ಅದಕ್ಕೆ ಪೂರ್ತಿ ಷೆಂಗೆನ್ ವೀಸಾ ಬೇಕು. ಬೇರೆ ಬೇರೆ ಟಿಕೆಟ್ ಜೋಡಿಸಿ ಹೋಗುವವರಿಗೂ ಇದೇ ಪಾಡು: ಲಗೇಜು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಲು ಆ ದೇಶದೊಳಗೆ ಕಾಲಿಡಬೇಕಾಗುತ್ತದೆ. ಇಷ್ಟೆಲ್ಲ ಸೂಕ್ಷ್ಮವನ್ನು ಮೊದಲ ಸಲ ವಿದೇಶಕ್ಕೆ ಹೊರಟ ವಿದ್ಯಾರ್ಥಿ ತಾನೇ ತಿಳಿದುಕೊಳ್ಳಬೇಕೆನ್ನುವುದು ನ್ಯಾಯವೇ?

ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ ಮಾಡಲಿ. ಭಾರತದಲ್ಲಿ ಟಿಕೆಟ್ ಮಾರುವವರು ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ, ದಾರಿಯ ಪ್ರತಿ ನಿಲ್ದಾಣಕ್ಕೂ ವೀಸಾ ಬೇಕೋ ಬೇಡವೋ ಎಂದು ದರದ ಪಕ್ಕದಲ್ಲೇ ಕನ್ನಡದಲ್ಲೂ ತೋರಿಸಲಿ. ಹೇಳದೆ ಮಾರಿದ್ದರೆ ಪೂರ್ತಿ ಹಣ ವಾಪಸು ಕೊಡಲಿ. ಅಲ್ಲಿಯವರೆಗೆ, ಟಿಕೆಟ್ ಕೊಳ್ಳುವ ಮುನ್ನ ನಡುವೆ ಇಳಿಯುವ ಪ್ರತಿ ದೇಶದ ಸರ್ಕಾರಿ ಜಾಲತಾಣವನ್ನು ನೀವೇ ತೆರೆದು ನೋಡಿ.